ಪಹಣಿಯವರೇ ಬರಬೇಕು

ಜುಲೈ 12, 2018
ಬೆಳಗಿನ ಹರಾಜು ಮುಗಿಯಿತು. ಈ ಸಲ ರೇಷ್ಮೆಗೂಡು ಚೆನ್ನಾಗಿ ಬಂದಿದೆ. ಕಲ್ಯದ ತಿಮ್ಮಮ್ಮನ ಗೂಡನ್ನು ಮಾತ್ರ ಮಾರ್ಕೆಟ್ ಗೇಟಿನಿಂದಲೇ ವಾಪಸ್ ಕಳಿಸಿದೆವು. ಹಿಪ್ಪುನೇರಳೆ ಸೊಪ್ಪಿನ ತೋಟದ ಪಹಣಿ ಅವಳ ಮಾವ ಲಕ್ಕಯ್ಯನ ಹೆಸರಿನಲ್ಲಿದೆ. ಪಹಣಿಯವರೇ ಬರಬೇಕು. ದಲ್ಲಾಳಿಗಳನ್ನು ತಡೆಯಲು ಅಂತ ಮೇಲಿನಿಂದ, ಡೆಪ್ಯುಟಿ ಡೈರೆಕ್ಟರ್ (ಡಿ.ಡಿ.) ಸಾಹೇಬರಿಂದ, ವಾಟ್ಸ್ಯಾಪ್‌ನಲ್ಲಿ ಬಂದ ಗೈಡ್‌ಲೈನ್. ಸಹಿ ಇಲ್ಲ, ನಂಬರ್ ಇಲ್ಲ. ಪ್ರಿಂಟ್ ತೆಗೆದು ಗೇಟಿನ ಪಕ್ಕದ ಗೋಡೆಗೆ ಅಂಟಿಸಿದವಳು ಮಾರ್ಕೆಟ್ ಅಧಿಕಾರಿಯಾದ ನಾನೇ.

“ಮಾವ ಹಾಸ್ಗೆ ಹಿಡ್ದವ್ರೆ ಮೇಡಮ್ಮಾರೆ. ಹುಳ ಮೇಯ್ಸಿದೋಳು ನಾನು. ಪಹಣಿ ಯಾರ್ದು ಅಂತ ಚಿಟ್ಟೆ ಕೇಳ್ತದಾ? ಗೂಡು ತೂತ್ ಮಾಡ್ಕಂಡು ಹೊಂಟೋಯ್ತದೆ.”

ಗೇಟು ಕಾಯುವ ಗೌಸ್ ನಕ್ಕ. ನಾನು ನಗಲಿಲ್ಲ. ಒಳಗೆ ಬಿಡಲೂ ಇಲ್ಲ.

ಜುಲೈ 16
ರೇಷ್ಮೆಗೂಡು ಮಾರಾಟದ ಆ್ಯಕ್ಟ್ ಮತ್ತೆ ಓದಿದೆ. ರೂಲ್ಸೂ. ಬೆಳೆಗಾರ ಅಂದರೆ ಹುಳು ಸಾಕುವವರು, ಅಷ್ಟೇ. ಪಹಣಿಯ ಮಾತೇ ಇಲ್ಲ. ಡಿ.ಡಿ. ಸಾಹೇಬರಿಗೆ ಫೋನ್ ಮಾಡಿದೆ.

“ಅದು ರೂಲ್ ಅಲ್ಲಮ್ಮ, ಬರೀ ಗೈಡ್‌ಲೈನ್. ಗೆಜೆಟ್ ಬೇಡ, ಸದನದ ಮುಂದೆ ಇಡೋದೂ ಬೇಡ. ಯಾಕೆ ತಲೆ ಕೆಡಿಸ್ಕೋತೀರಿ?”

ರೂಲ್ ಅಲ್ಲದಿದ್ದರೆ ಮೀರಬಹುದೇ? ಕೇಳಲಿಲ್ಲ. ಯಾಕೆ ಕೇಳಲಿಲ್ಲ...

ಸಂಜೆ ತಿಮ್ಮಮ್ಮ ಬಂದಳು. ಮಡಿಲಿನಿಂದ ಒಂದಷ್ಟು ಗೂಡು ತೆಗೆದು ನನ್ನ ಮೇಜಿನ ಮೇಲೆ ಸುರಿದು ಹೋದಳು. ಎಲ್ಲದರ ತುದಿಯಲ್ಲೂ ತೂತು. ಚಿಟ್ಟೆ ಹೊರಬಿದ್ದ ಗೂಡಿನಿಂದ ನೂಲು ತೆಗೆಯಲಾಗದು, ಯಾರೂ ಕೊಳ್ಳುವುದಿಲ್ಲ.

ಆಗಸ್ಟ್ 20
ನಾಡಿದ್ದು ಶಾಸಕರ ಸಮಿತಿ ಬರುತ್ತದೆ. ಇಲಾಖೆಗಳು ಮಾಡುವ ನಿಯಮಗಳು ಆ್ಯಕ್ಟನ್ನು ಮೀರಿವೆಯೇ ಎಂದು ಸದನದ ಪರವಾಗಿ ನೋಡುವ ಸಮಿತಿ. ಯಾರೋ ದೂರು ಕೊಟ್ಟಿದ್ದಾರೆ. ಡಿ.ಡಿ. ಹೇಳಿದ್ದು ಇಷ್ಟೇ: “ಆ ಹಾಳೆ ಕಿತ್ಬಿಡಿ. ಅಂಥದ್ದು ಇರಲೇ ಇಲ್ಲ.”

ಕಿತ್ತೆ. ಮಾಸಿದ ಗೋಡೆಯಲ್ಲಿ ಬಿಳಿ ಚೌಕ ಉಳಿಯಿತು. ಹಾಳೆ ಹೋಯಿತು, ತಿಮ್ಮಮ್ಮನ ಕಷ್ಟವೂ ಹೋಯಿತು ಅಂದುಕೊಂಡೆ. ಗೌಸ್‌ಗೆ ಮಾತ್ರ ಇನ್ನು ಪಹಣಿ ಕೇಳಬೇಡ ಅಂತ ಹೇಳಲಿಲ್ಲ.

ಆಗಸ್ಟ್ 22, ಮಧ್ಯಾಹ್ನ
ಸಮಿತಿ ಊಟಕ್ಕೆ ಕೂತಿದೆ. ನಾನು ಇದನ್ನು ಬರೆಯುತ್ತ ಕೂತಿದ್ದೇನೆ.

ಬೆಳಿಗ್ಗೆ ಸಮಿತಿಯ ಅಧ್ಯಕ್ಷರು ಅಂಗಳದಲ್ಲಿ ನಿಂತು ದೂರಿನ ಬಗ್ಗೆ ಕೇಳಿದರು. ಡಿ.ಡಿ. ಅಂದರು: “ಪಹಣಿ ಕೇಳೋ ಪದ್ಧತಿಯೇ ಇಲ್ಲ ಸರ್.” ಅಷ್ಟರಲ್ಲಿ ಗೇಟಿನಲ್ಲಿ ಟೆಂಪೋ. ಗೌಸ್‌ನ ದನಿ: “ಪಹಣಿಯವ್ರು ಎಲ್ಲಿ?”

ತಿಮ್ಮಮ್ಮ ಟಾರ್ಪಾಲು ಸರಿಸಿದಳು. ಗೂಡಿನ ಚೀಲಗಳ ನಡುವೆ, ಕಂಬಳಿ ಹೊದ್ದು ಮಲಗಿದ್ದ ಲಕ್ಕಯ್ಯ.

“ಇಕಾ, ತಂದಿವ್ನಿ. ಇವ್ರ್‌ನೂ ತೂಕಕ್ಕೆ ಹಾಕ್ತೀಯಾ?”

“ಯಾರಪ್ಪ ನಿನಗೆ ಹೇಳಿದ್ದು, ಪಹಣಿ ಕೇಳು ಅಂತ?” ಅಧ್ಯಕ್ಷರು.

“ಗೋಡೇಲಿತ್ತು ಸಾರ್.”

ಎಲ್ಲರೂ ಗೋಡೆ ನೋಡಿದರು. ಬಿಳಿ ಚೌಕ.

“ಇವನ ಕಿತಾಪತಿ ಸರ್,” ಡಿ.ಡಿ. ಅಂದರು. “ಇವತ್ತೇ ಸಸ್ಪೆಂಡ್ ಮಾಡ್ತೀವಿ.”

ಗೌಸ್ ನನ್ನ ಕಡೆ ನೋಡಿದ. ಬೇರೆಲ್ಲೂ ನೋಡಲಿಲ್ಲ. ಹಾಳೆ ಗೋಡೆಯ ಮೇಲಿದ್ದಾಗ ಜಗಳವಾಡಲು ಅದಾದರೂ ಇತ್ತು. ಈಗ ತಪ್ಪು ಹೊರಿಸಲು ಇವನೊಬ್ಬನೇ ಸಿಕ್ಕಿದ್ದಾನೆ.

ಸಮಿತಿಯವರು ಊಟಕ್ಕೆ ಎದ್ದಾಗ ನಾನು ಗೇಟಿಗೆ ಹೋದೆ. “ತೂಕ ಹಾಕು ಗೌಸ್.”

“ಯಾರ ಹೆಸರಿಗೆ ಮೇಡಂ?”

“ತಿಮ್ಮಮ್ಮ.”

“ಒಸಿ ಬೇಗ ಹಾಕಪ್ಪ,” ಅಂದಳು ಆಕೆ. “ಮಾವಂಗೆ ಬಿಸ್ಲು ಆಯ್ತಾ ಐತೆ.”

ಊಟದ ಮೇಲೆ ಸಮಿತಿಯ ಮುಂದೆ ನನ್ನ ಹೇಳಿಕೆ. ಹಾಳೆಯನ್ನು ನಾನು ಹರಿದಿರಲಿಲ್ಲ, ಬ್ಯಾಗಿನಲ್ಲೇ ಇದೆ. ಹಿಂಬದಿಗೆ ಗೋಡೆಯ ಸುಣ್ಣ ಅಂಟಿದೆ. ಕರೆಯುತ್ತಿದ್ದಾರೆ. ಹೀಗೆ ಶುರು ಮಾಡುತ್ತೇನೆ: ಸರ್, ಇದನ್ನು ಅಂಟಿಸಿದ್ದು ನಾನು, ಕಿತ್ತಿದ್ದೂ ನಾನು. ಕಳಿಸಿದವರು—