ಎತ್ತಲಿಲ್ಲ ಅಂದರೆ ಇಲ್ಲ ಅಂತಲ್ಲ

ಅಕ್ಕಯ್ಯ,

ನಿನ್ನೆ ಊಟ ಮಾಡಿ ಹಾಗೇ ಒರಗಿದ್ದೆ, ಕಣ್ಣು ಮುಚ್ಚಿದ ಕೂಡಲೇ ನೀನು ಕಂಡೆ. ಹೊಳೆನರಸೀಪುರದ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಾಲ್ ಜೋಡಿಸುವ ಬೋರ್ಡಿನ ಮುಂದೆ ನೀನು ಕೂತಿದ್ದೆ. ತಲೆಗೆ ಅದೇ ಹೆಡ್‌ಫೋನು, ಮುಡಿಯಲ್ಲಿ ಕನಕಾಂಬರ. ಬೋರ್ಡಿನ ತೂತುಗಳಿಂದ ಹೇಮಾವತಿಯ ನೀರು ಸಣ್ಣಗೆ ಜಿನುಗಿ ನಿನ್ನ ಸೆರಗು ನೆನೆಯುತ್ತಿತ್ತು. ನೀನು ಮಾತ್ರ ಏನೂ ಆಗದವಳ ಹಾಗೆ "ಹಲೋ, ಮಲ್ಲಿಪಟ್ಟಣ?" ಅನ್ನುತ್ತಿದ್ದೆ. ಆ ಕಡೆಯಿಂದ ಯಾರಾದರೂ ಓಗೊಟ್ಟರೇ? ಕೇಳುವಷ್ಟರಲ್ಲಿ ಎಚ್ಚರವಾಯಿತು.

ರಜೆಯಲ್ಲಿ ನಿನ್ನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದೆನಲ್ಲ, ನೆನಪಿದೆಯೇ? ಹಾಸನದ ಕಾಲ್ ಆದರೆ ನೀನು ಹತ್ತು ಸಲ ಗಂಟೆ ಹೊಡೆದು ನಿಲ್ಲಿಸುತ್ತಿದ್ದೆ. ಮಲ್ಲಿಪಟ್ಟಣಕ್ಕೆ ಮಾತ್ರ ಬಿಡದೆ ಹೊಡೆಯುತ್ತಿದ್ದೆ. ಅಲ್ಲಿ ಊರಿಗೆಲ್ಲ ಒಂದೇ ಫೋನು, ಅಂಗಡಿಯಲ್ಲಿ. ಅಂಗಡಿಯವರು ಒಳಮನೆಯಿಂದ ಬರಬೇಕಿತ್ತು. ಮೇಲಿನವರು ಬಂದು "ಇನ್ನೂ ಎಷ್ಟೊತ್ತಮ್ಮ ಲೈನ್ ಹಿಡ್ಕೊಂಡಿರ್ತೀಯ?" ಎಂದು ಗದರಿದರೆ, "ಓಡಿ ಬರೋರಿಗೆ ಇರೋದು ಎರಡೇ ಕಾಲು ಸಾ" ಅನ್ನುತ್ತಿದ್ದೆ. ಕೊನೆಗೆ ಲೈನ್ ಬಿಡಲೇಬೇಕಾದಾಗಲೂ ಚೀಟಿಯಲ್ಲಿ 'ಯಾರೂ ಇಲ್ಲ' ಎಂದು ಬರೆಯುತ್ತಿರಲಿಲ್ಲ, 'ಎತ್ತಲಿಲ್ಲ' ಎಂದು ಬರೆಯುತ್ತಿದ್ದೆ. ಯಾಕೆಂದು ನಾನು ಕೇಳಿದ್ದೆ. "ಎತ್ತಲಿಲ್ಲ ಅಂದ್ರೆ ಇಲ್ಲ ಅಂತಲ್ಲ ಕಣೇ. ನಮ್ಗೆ ಗೊತ್ತಾಗ್ಲಿಲ್ಲ ಅಂತ, ಅಷ್ಟೇಯ."

ಈ ಮುಂಗಾರಿನಲ್ಲಿ, ಇಲ್ಲಿ ಶಾಂತಿಗ್ರಾಮದಲ್ಲಿ, ಪಕ್ಕದ ಮನೆ ಜಯಮ್ಮನ ಹಸು ಗೌರಿ ಕರು ಹಾಕಿತು. ಮರುದಿನ ಬೆಳಗ್ಗೆ ಗೌರಿಯ ಕಿವಿ ಮುಟ್ಟಿದರೆ ತಣ್ಣಗೆ. ಜಯಮ್ಮನ ಮೊಬೈಲಿನಲ್ಲಿ ಒಂದು ಆ್ಯಪ್ ಇದೆ. ಹಸುವಿನ ಲಕ್ಷಣ ತುಂಬಿ ಕಳಿಸಿದರೆ, ಸಾವಿರಾರು ಹಸುಗಳ ಕಾಯಿಲೆಯ ಮಾಹಿತಿ ಕಲಿತ ಕಂಪ್ಯೂಟರಿನ ಮಾಡೆಲ್ಲೊಂದು ಎಲ್ಲಿಂದಲೋ ಅಂದಾಜು ಹೇಳುತ್ತದೆ. ತುಂಬಿದಳು. ಪರದೆಯಲ್ಲಿ ಚಕ್ರ ತಿರುಗಿತು, ತಿರುಗಿತು, ಹಸಿರಾಯಿತು. 'ಅಪಾಯವಿಲ್ಲ.' "ಅಸ್ರು ಬಂತು ಕಣಕ್ಕ, ಏನೂ ಇಲ್ವಂತೆ" ಎಂದು ಹುಲ್ಲಿಗೆ ಹೋದಳು. ನಾನೂ ತಲೆಯಾಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಗೌರಿ ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿತ್ತು, ಮತ್ತೆ ಏಳಲಿಲ್ಲ. "ಹಾಲು ಜ್ವರ, ಮೈ ತಣ್ಣಗಾಗೋದೇ ಇದರ ಗುರುತು. ಬೆಳಗ್ಗೇನೇ ಹೇಳಿ ಕಳಿಸಿದ್ರೆ ಕ್ಯಾಲ್ಸಿಯಂ ಹಾಕಿ ಎಬ್ಬಿಸಬಹುದಾಗಿತ್ತು" ಎಂದರು ಡಾಕ್ಟರು. ಜಯಮ್ಮ ಅಳಲಿಲ್ಲ. ಕರುವಿನ ಬಾಯಿಗೆ ಬೆರಳು ಕೊಟ್ಟುಕೊಂಡು ಕೂತಿದ್ದಳು.

ನನ್ನ ಸಿಟ್ಟು ನಿನಗೆ ಗೊತ್ತಲ್ಲ. ಜಯಮ್ಮನ ಮೊಬೈಲು ಹಿಡಿದು ಹಾಸನದ ಬಸ್ ಹತ್ತಿದೆ. ಆ ಆ್ಯಪ್ ಮಾಡಿದವರ ಆಫೀಸಿನಲ್ಲಿ ಸಿಂಧು ಎಂಬ ಹುಡುಗಿ ಅವತ್ತಿನ ದಾಖಲೆ ತೆಗೆದು ನೋಡಿದಳು. ನೋಡುತ್ತಾ ಅವಳ ಮುಖ ಸಣ್ಣದಾಯಿತು. "ಮಾಡೆಲ್ ತಪ್ಪು ಹೇಳಿಲ್ಲ ಆಂಟಿ. ಅದು ಏನೂ ಹೇಳೇ ಇಲ್ಲ." ಉತ್ತರಕ್ಕೆ ಇಂತಿಷ್ಟೇ ಸೆಕೆಂಡು ಕಾಯುವುದೆಂದು ಗಡುವು ಇಟ್ಟಿರುತ್ತಾರಂತೆ, ಟೈಮ್‌ಔಟ್ ಅನ್ನುತ್ತಾರೆ. ಹಾಸನದ ನೆಟ್‌ವರ್ಕ್ ನೋಡಿ ನಾಲ್ಕು ಸೆಕೆಂಡು ಇಟ್ಟಿದ್ದರು. ನಮ್ಮೂರಲ್ಲಿ ಅವತ್ತು ಮೋಡ, ಸಿಗ್ನಲ್ ತೆವಳುತ್ತಿತ್ತು. ಗಡುವು ಮುಗಿಯಿತು. ಉತ್ತರ ಬರದಿದ್ದರೆ ಅಪಾಯವಿಲ್ಲ ಎಂದು ತೋರಿಸು ಅಂತ ಯಾರೋ ಮೊದಲೇ ಬರೆದಿಟ್ಟಿದ್ದರು.

"ಅದು ಹೇಳದೇ ಇದ್ದಿದ್ದಕ್ಕೆ ಹಸಿರು ಬಣ್ಣ ಬಳಿದವರು ಯಾರಮ್ಮ?" ಅಂದೆ. ಅಕ್ಕಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು, ನೋಡಲಿ. "ಆ ಗಡುವನ್ನೇ ಕಿತ್ತು ಹಾಕು" ಅಂದೆ. ಸಿಂಧು ಮೆಲ್ಲಗೆ, "ಕಿತ್ತಾಕಿದ್ರೆ ಒಬ್ರದು ಸಿಕ್ಕಾಕ್ಕೊಂಡಾಗ ಹಿಂದಿರೋರೆಲ್ಲ ನಿಂತ್‌ಬಿಡ್ತಾರೆ ಆಂಟಿ. ಜಯಮ್ಮನೋರೂ ಆ ಚಕ್ರ ನೋಡ್ಕೊಂಡೇ ಕೂತಿರ್ತಾರೆ, ಡಾಕ್ಟರಿಗೆ ಹೇಳೋದು ಯಾವಾಗ?" ಅಂದಳು.

ನಿನ್ನ ಬೋರ್ಡಿನ ಹಿಂದಿನ ಬೆಂಚು ಕಣ್ಣ ಮುಂದೆ ಬಂತು. ಸರದಿ ಕಾಯುತ್ತಾ ಕೂತವರು... ನೀನೂ ಲೈನ್ ಬಿಡುತ್ತಿದ್ದೆಯಲ್ಲವೇ? ಆಮೇಲೆ ಅವಳಿಗೆ ನಿನ್ನ ಕತೆ ಹೇಳಿದೆ. ಎಷ್ಟು ಹೊತ್ತು ಕಾಯಬೇಕೆಂದು ನಿನಗೆ ಹೇಗೆ ತಿಳಿಯುತ್ತಿತ್ತು ಎಂದು ಕೇಳಿದಳು. "ಯಾವ ಊರು ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಎತ್ತುತ್ತೆ ಅಂತ ನೆನಪಿಟ್ಕೊತಿದ್ಲು. ಅದರ ಮೇಲೆ ಇನ್ನೊಂದು ಚೂರು" ಅಂದೆ. ಸಿಂಧು ಪೆನ್ನು ಕೆಳಗಿಟ್ಟಳು. "ನಾವೂ ಅದನ್ನೇ ಮಾಡ್ಬೇಕಿತ್ತು."

ವಾಪಸು ಬರುವ ಬಸ್ಸಿನ ಕಿಟಕಿಗೆ ತಲೆ ಆನಿಸಿದ್ದೆ. ಗೆಲುವಾಗಿರಬೇಕಿತ್ತು, ಆಗಲಿಲ್ಲ. ನಿನ್ನ ಕೊನೆಯ ವಾರ ನಾನು ಅರಕಲಗೂಡಿನ ನಿನ್ನ ಮನೆಗೆ ಫೋನ್ ಮಾಡಿದ್ದೆ. ಏಳೆಂಟು ರಿಂಗು. ಅಕ್ಕಯ್ಯ ಮನೆಯಲ್ಲಿಲ್ಲ, ದೇವಸ್ಥಾನಕ್ಕೆ ಹೋಗಿರಬೇಕು ಅಂದುಕೊಂಡು ಇಟ್ಟುಬಿಟ್ಟೆ. ನಿನ್ನ ಮಂಡಿ ನೋವು ನನಗೆ ಗೊತ್ತಿರಲಿಲ್ಲವೇ? ಹನ್ನೊಂದನೇ ದಿನದ ಕಾರ್ಯಕ್ಕೆ ಬಂದಾಗ ನಿನ್ನ ಸೊಸೆ ಕಮಲ ಹೇಳಿದಳು: "ಅತ್ತೆ ಗೋಡೆ ಇಡ್ಕೊಂಡು ಫೋನಿನ ತಂಕ ಬಂದಿದ್ರು ಚಿಕ್ಕತ್ತೆ, ಅಷ್ಟೊತ್ಗೆ ನಿಂತೋಯ್ತು." ನಿನ್ನ ಸ್ಟೂಲಿನ ಪಕ್ಕ ಕೂತು ಕಲಿತವಳು ನಾನು. ನಾಲ್ಕು ಸೆಕೆಂಡಿನ ಯಂತ್ರಕ್ಕೂ ನನಗೂ ಏನು ವ್ಯತ್ಯಾಸ...

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಸಿಂಧು ಒಂದೊಂದು ಊರಿಗೆ ಉತ್ತರ ತಲುಪಲು ನಿಜಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದು, ಊರೂರಿಗೆ ಬೇರೆ ಬೇರೆ ಗಡುವು ಇಟ್ಟಿದ್ದಾಳೆ. ಅದೂ ಮೀರಿದರೆ ಹಸಿರಿಲ್ಲ. ಹಳದಿ ಬರುತ್ತದೆ: 'ಉತ್ತರ ಬಂದಿಲ್ಲ. ಅಪಾಯವಿಲ್ಲ ಎಂದು ತಿಳಿಯಬೇಡಿ. ಡಾಕ್ಟರಿಗೆ ಫೋನ್ ಮಾಡಿ.' ಹೋದ ವಾರ ಜಯಮ್ಮನ ಇನ್ನೊಂದು ಹಸು ಕರು ಹಾಕಿದಾಗ ಹಳದಿಯೇ ಬಂತು. ಡಾಕ್ಟರು ಬಂದು ಕ್ಯಾಲ್ಸಿಯಂ ಹಾಕಿದರು, ಹಸು ಎದ್ದು ನಿಂತು ಬಾಣಂತಿಯ ಗತ್ತಿನಲ್ಲಿ ಬೂಸಾ ತಿಂದಿತು. ಜಯಮ್ಮ ನನ್ನನ್ನೇ ನೋಡಿ, "ಇಷ್ಟೊಂದ್ ಪುಸ್ತಕ ಓದಿದ್ದೀರಿ, ಗೊತ್ತಿಲ್ಲ ಅನ್ನೋ ಮಾತು ನಿಮ್ ಬಾಯಲ್ಲಿ ಒಂದ್ ದಿನ ಬರ್ಲಿಲ್ಲ. ಮೊಬೈಲಿನ್ ಮಿಸೀನು ಒಪ್ಕಂಡ್ಬುಡ್ತು ನೋಡಕ್ಕ!" ಅಂದಳು.

ಇವತ್ತು ಬೆಳಗ್ಗೆ ನಿನ್ನ ಮನೆಯ ಫೋನಿಗೆ ರಿಂಗ್ ಮಾಡಿದೆ. ಕಮಲ ಅದನ್ನು ತೆಗೆಸಿಲ್ಲ. ರಿಂಗು ಎಣಿಸಲಿಲ್ಲ ಅಕ್ಕಯ್ಯ. ಹಿತ್ತಲ ಬಾಗಿಲು, ನಡುವಿನ ಹೊಸ್ತಿಲು, ಹಜಾರದ ಗೋಡೆ, ಒಂದೊಂದನ್ನೇ ದಾಟಿ ಯಾರೋ ನಿಧಾನವಾಗಿ ಬರುತ್ತಿರುವ ಹಾಗೆ ಕೇಳುತ್ತಾ ನಿಂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಕಮಲ ಎತ್ತಿದಳು, ಏದುಸಿರು.

"ಇತ್ಲಲ್ಲಿದ್ದೆ ಚಿಕ್ಕತ್ತೆ, ಓಡ್ ಬಂದೆ. ಎಲ್ಲಿ ಇಟ್ಬುಡ್ತೀರೋ ಅಂತ..."

"ಇನ್ಮೇಲೆ ನಿಧಾನ ಬಾರಮ್ಮ" ಅಂದೆ. "ನಾನು ಇಡಲ್ಲ."

ನಿನ್ನ ಪುಟ್ಟಿ