ಹಡಗು ನನ್ನ ಕೈಲಿದೆ

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಊರಿನವರ ಹಲ್ಲೆಲ್ಲ ನೋಡುವ ಡಾಕ್ಟರಮ್ಮ ತನ್ನ ಗಂಟಲು ಮಾತ್ರ ನೋಡಿಕೊಳ್ಳುವುದಿಲ್ಲವೆಂದು ಅಳಿಯಂದಿರು ದೂರು ಹೇಳಿದರು. ಬಿಸಿನೀರು ಕುಡಿ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಪ್ಪನ ಸುದ್ದಿ ಎತ್ತಿದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ತೊಂದರೆಯಿಲ್ಲ.

ಮೊದಲೇ ಹೇಳುತ್ತೇನೆ, ಗಾಬರಿಯಾಗಬೇಡ. ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾರೆ. ಹೃದಯದ ಕವಾಟ ಬದಲಿಸಬೇಕಂತೆ, ಮುಂದಿನ ಶುಕ್ರವಾರ ಆಪರೇಷನ್. ನಾನು ಬಟ್ಟೆ ಒಯ್ಯಲೆಂದು ಮನೆಗೆ ಬಂದವಳು ಕೂರಲಾಗದೆ ಒದ್ದಾಡುತ್ತಿದ್ದೇನೆ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಗೇಟಿನ ಚಿಲಕ ನೋಡಿ ಬಂದೆ. ಯಾಕೆಂದು ಮುಂದೆ ಹೇಳುತ್ತೇನೆ.

ಡಾಕ್ಟರು ಸೇರಿಕೊಳ್ಳಿ ಎಂದು ತಿಂಗಳಾಗಿತ್ತು. ಇವರು ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಜಪ್ಪಯ್ಯ ಎಂದರೂ ಏಳಲಿಲ್ಲ. ನಾನಿಲ್ಲದಿದ್ದರೆ ಮನೆ ನೋಡುವವರು ಯಾರು ಎಂಬ ಒಂದೇ ರಾಗ. ಅಲ್ಲ ಕಣೇ, ಇವರು ಸಮುದ್ರದಲ್ಲಿದ್ದ ಅಷ್ಟು ವರ್ಷ ಈ ಮನೆಯನ್ನು ಯಾರು ನೋಡಿಕೊಂಡರಂತೆ? ನೀನು ಹುಟ್ಟಿದ್ದು, ನಡೆದದ್ದು, ಬಿದ್ದು ಹಲ್ಲು ಮುರಿದುಕೊಂಡದ್ದು, ಎಲ್ಲ ಕಾಗದದಲ್ಲೇ ತಿಳಿದುಕೊಂಡ ಮಹಾರಾಯರು. ಮೊದಲ ಪ್ರಯಾಣದಲ್ಲಿ ಬಕೆಟ್ ತಬ್ಬಿಕೊಂಡು ವಾಂತಿ ಮಾಡಿದ ಹುಡುಗ ಹಡಗಿನ ಕ್ಯಾಪ್ಟನ್ ಆಗಿ, ಎದೆಗೆ ಪದಕ ಹಾಕಿಸಿಕೊಂಡು ನಿವೃತ್ತನಾದ. ಪದಕ ಈಗಲೂ ಕಪಾಟಿನಲ್ಲಿ ಕಾಲುಚೀಲಗಳ ನಡುವೆ ಬಿದ್ದಿದೆ.

ಆ ಪದಕದ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. ಹಡಗಿನಲ್ಲಿ ಪಾಳಿ ಬದಲಾಗುವಾಗ ಹೊಸಬ ಬಂದು, ‘ಹಡಗು ನನ್ನ ಕೈಲಿದೆ’ ಎಂದು ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರೆಗೆ ನಿಂತವನು ಕದಲುವಂತಿಲ್ಲ. ಎಂಜಿನ್ ಕೋಣೆಗೆ ಬೆಂಕಿ ಬಿದ್ದ ದಿನ, ಪಾಳಿಯಿಂದ ಇವರನ್ನು ಬಿಡಿಸಬೇಕಿದ್ದ ಗೆಳೆಯ ಜನರನ್ನು ಎಳೆದು ತರಲು ಕೆಳಗಿಳಿದ. ಮೇಲೆ ಬರಲೇ ಇಲ್ಲ. ಇವರು ಹೊಗೆಯಲ್ಲೇ ನಿಂತು ಹಡಗನ್ನು ಬಂದರಿಗೆ ಮುಟ್ಟಿಸಿದರು. ‘ಹಡಗು ನನ್ನ ಕೈಲಿದೆ’ ಎಂಬ ಮಾತನ್ನು ಇವರಿಗೆ ಯಾರೂ ಹೇಳಲೇ ಇಲ್ಲ. ನನಗೇನನ್ನಿಸುತ್ತದೆ ಎಂದರೆ, ಆವತ್ತಿನ ಪಾಳಿ ಇವರಿಗೆ ಇನ್ನೂ ಮುಗಿದೇ ಇಲ್ಲ. ಹೋದ ಸಲ ನೀನು ಬಂದಾಗ ಮೊಮ್ಮಗಳ ಹಾಸಿಗೆ ಮಡಿಕೆ ಸರಿಯಿಲ್ಲವೆಂದು ಗದರಿದ್ದೂ, ನೀನು “ಇದು ಮನೆ ಅಪ್ಪಾ, ಹಡಗಲ್ಲ. ನಿಮಗೆ ಮಕ್ಕಳು ಬೇಡ, ಸಿಬ್ಬಂದಿ ಬೇಕು” ಎಂದು ಚೀಲ ಎತ್ತಿಕೊಂಡು ಹೊರಟದ್ದೂ ಅದರಿಂದಲೇ. ಅಪ್ಪನಿಗೆ ತಕ್ಕ ಮಗಳು, ಹಿಂದಿರುಗಿ ನೋಡಲಿಲ್ಲ. ಇವರು ಕರೆಯಲೂ ಇಲ್ಲ.

ನಿನ್ನೆ ಮೆಟ್ಟಿಲು ಹತ್ತುವಾಗ ಇವರಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಆದರೂ ಬಂದು ಅದೇ ಕುರ್ಚಿಯಲ್ಲಿ ಕೂತರು. ನನ್ನ ಸಹನೆಯೂ ಮುಗಿಯಿತು. ಕುರ್ಚಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು, “ಹಡಗು ನನ್ನ ಕೈಲಿದೆ. ನೀವಿನ್ನು ಹೋಗಿ” ಎಂದೆ. ನಗುತ್ತಾರೆಂದುಕೊಂಡಿದ್ದೆ. ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡರು. ಗ್ಯಾಸಿನ ನಾಬ್, ನೀರಿನ ಟ್ಯಾಂಕು, ಸಡಿಲಾದ ಮೆಟ್ಟಿಲು, ಗೇಟಿನ ಚಿಲಕ, ಒಂದೊಂದನ್ನೂ ತೋರಿಸಿ ಒಪ್ಪಿಸಿದರು. ಆಮೇಲೆ ತಾವೇ ಚೀಲ ಹಿಡಿದು ಆಟೋ ಹತ್ತಿದರು. ನನಗೆ ಅಳು ಬಂತು, ತಡೆದುಕೊಂಡೆ. ಆಗಿನಿಂದ ನನ್ನ ಕಾಲಿಗೂ ಚಕ್ರ ಕಟ್ಟಿದ ಹಾಗಾಗಿದೆ ನೋಡು.

ಸಂಜೆಯಾಗುವುದರೊಳಗೆ ಆಸ್ಪತ್ರೆಗೆ ಹೋಗಬೇಕು. ಪುಟ್ಟಿಗೆ ಮುತ್ತು, ಅಳಿಯಂದಿರಿಗೆ ನನ್ನ ನೆನಪು. ಎಲ್ಲರೂ ತಣ್ಣಗಿರಿ.

ನಿನ್ನ
ಅಮ್ಮ

ಅಂಟು ಹಚ್ಚುವ ಮೊದಲು ಇನ್ನೊಂದು ಮಾತು. ಗೇಟಿನ ಹತ್ತಿರ ಇವರು ಕೊನೆಗೆ ಒಪ್ಪಿಸಿದ್ದು ನಿನ್ನನ್ನು. “ಮಗಳು ಸಿಟ್ಟು ಮಾಡ್ಕೊಂಡು ಹೋಗಿದಾಳೆ. ನನ್ನ ಕೈಲಿ ಸರಿಮಾಡೋಕಾಗ್ಲಿಲ್ಲ. ಅದೂ ಇನ್ನು ನಿಂದೇ” ಎಂದರು. ನಾನು ಒಪ್ಪಲಿಲ್ಲ. ಮಿಕ್ಕಿದ್ದೆಲ್ಲ ನನ್ನದು, ಅದೊಂದು ನಿಮ್ಮದೇ, ವಾಪಸ್ಸು ಬಂದು ನೀವೇ ಸರಿಮಾಡಿ ಎಂದೆ. ಚಿಲಕವನ್ನು ಇನ್ನೊಮ್ಮೆ ಎಳೆದು ನೋಡಿ, “ಹಾಗಾದ್ರೆ ಬರ್ಲೇಬೇಕು” ಎಂದರು. ಶುಕ್ರವಾರದೊಳಗೆ ಬಾ, ಕಂದಾ. ಕ್ಷಮೆಗಿಮೆ ಏನೂ ಕೇಳಬೇಡ. ಮಂಚದ ಪಕ್ಕ ನಿಂತು ಜಗಳವನ್ನೇ ಆಡು. ಆದರೆ ಪೂರ್ತಿ ಮುಗಿಸಬೇಡ, ಸ್ವಲ್ಪ ಉಳಿಸಿ ಇವರನ್ನು ಆಪರೇಷನ್ನಿಗೆ ಒಳಗೆ ಕಳಿಸು.