ವಾಪಸು ಬಂದ ರೊಟ್ಟಿ

ಹವಾಶಿಮ್ ಹಳ್ಳಿ, ನೈಲ್‌ನ ಪಶ್ಚಿಮ ದಡ
ಶಾಬಾನ್ ತಿಂಗಳು, ಮಂಗಳವಾರ

ತಮ್ಮ ಖಲಾಫನಿಗೆ,

ದೇವರ ಶಾಂತಿ ನಿನ್ನ ಮೇಲಿರಲಿ. ಈ ವಾರ ಅದು ಬೇರೆಲ್ಲರಿಗಿಂತ ನಿನಗೇ ಹೆಚ್ಚು ಬೇಕು.

ನಿನ್ನ ಮನೆಯಿಂದ ಬಂದ ರೊಟ್ಟಿಯನ್ನು ಮುಟ್ಟದೆ ವಾಪಸು ಕಳಿಸಿದ್ದಕ್ಕೆ “ಅಕ್ಕನಿಗೇನು ಕೊಬ್ಬು?” ಎಂದೆಯಂತೆ. ಕಾರಣ ಬರೆಯುತ್ತೇನೆ, ಕೂತು ಓದು. ಶಾಲೆಯ ಪೋಷಕರ ಸಮಿತಿಗೆ ಅಧ್ಯಕ್ಷ ನೀನು. ಓದುವ ಅಭ್ಯಾಸ ಇಲ್ಲಿಂದಲಾದರೂ ಶುರುವಾಗಲಿ.

ಶಾಲೆಯ ಲೈಬ್ರರಿ ನೋಡಿಕೊಳ್ಳುವ ಇನ್ಸಾಫ್ ಟೀಚರು ದೊಡ್ಡ ಹುಡುಗಿಯರಿಗೆ ಒಂದು ಕಥೆಪುಸ್ತಕ ಕೊಟ್ಟರು. ಹದಿನಾರಕ್ಕೇ ಮದುವೆ ಮುಗಿಸಿ, ಸರಕಾರದ ದಾಖಲೆ ಹದಿನೆಂಟು ತುಂಬಿದ ಮೇಲೆ ಮಾಡಿಸಿದರಾಯಿತೆಂದು ಗಂಡನ ಮನೆಗೆ ದಾಟಿಸಿಬಿಟ್ಟ ಒಬ್ಬ ಹುಡುಗಿಯ ಕಥೆ. ಕೂಸು ಹುಟ್ಟಿದ ಮೇಲೆ ಆ ಗಂಡ, ಇವಳು ಯಾರೋ ನನಗೆ ಗೊತ್ತೇ ಇಲ್ಲ ಎನ್ನುತ್ತಾನೆ. ತೋರಿಸಲು ಅವಳ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಇದು ಕೊಳಕು ಪುಸ್ತಕವೆಂದು ನೀನು ಟೀಚರನ್ನು ಎತ್ತಂಗಡಿ ಮಾಡಿಸಲು ಅರ್ಜಿ ಬರೆದೆ. ಸಮಿತಿಯವರನ್ನು ಹಿತ್ತಲಿಗೆ ಕರೆದು, ಚಹಾ ಕುಡಿಸಿ, ಪುಸ್ತಕವನ್ನು ರೊಟ್ಟಿಯ ಒಲೆಗೆ ತುರುಕಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಪುಸ್ತಕ ಸುಡಲು ಅಷ್ಟೊಂದು ಮೀಸೆ ಬೇಕಾಯಿತು!

“ನೀನು ಅದನ್ನ ಓದಿದ್ಯೇನೋ?” ಎಂದು ನಾನು ಅಲ್ಲೇ ಕೇಳಿದೆ.

“ಗಬ್ಬು ಅಂತ ತಿಳ್ಕೊಳ್ಳೋಕೆ ಚರಂಡಿಗೆ ಇಳೀಬೇಕೇನಕ್ಕಾ?” ಎಂದು ನೀನು ಹಲ್ಲು ಕಿರಿದೆ.

“ಚರಂಡಿನೋ ಬಾವಿನೋ ಅಂತ ಬಗ್ಗಿಯಾದ್ರೂ ನೋಡೋ.”

“ಹೆಣ್ಮಕ್ಕಳಿಗೆ ಬಾವಿ ತೋರಿಸ್ಬಾರ್ದಮ್ಮಾ, ಬಿದ್ದುಬಿಡ್ತಾವೆ” ಎಂದ ಹಾಜಿ ಮುಖೈಮರ್. ಗುರುವಾರ ನಿನ್ನ ಮಗಳು ಸುಂದುಸ್‌ಳನ್ನು ತನ್ನ ಮಗನಿಗೆ ತಂದುಕೊಳ್ಳುವವನು. ದಾಖಲೆ ಆಮೇಲೆ ಎಂದವನೂ ಅವನೇ. ಪುಸ್ತಕ ನಿಮ್ಮಿಬ್ಬರ ಮನೆಯ ಮಾತನ್ನೇ ಹೇಳಿತ್ತು, ಅದಕ್ಕೇ ಬೆಂಕಿ.

ಟೀಚರ ಹತ್ತಿರ ಇನ್ನೊಂದು ಪ್ರತಿ ಇತ್ತು. ನಾನು ಕೇಳಿ ತಂದು, ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಮೊದಲ ಪುಟದಲ್ಲಿ ಏನಿದೆ ಗೊತ್ತೇ? ಬಿಸ್ಮಿಲ್ಲಾ. ಅದರ ಕೆಳಗೆ, ಹೆಂಡತಿಯರೊಂದಿಗೆ ಒಳ್ಳೆಯತನದಿಂದ ಬಾಳಿರಿ ಎಂಬ ದೇವರ ವಚನ.

ನಮ್ಮಪ್ಪ ದಾರಿಯಲ್ಲಿ ಅಕ್ಷರವಿದ್ದ ಕಾಗದದ ಚೂರು ಕಂಡರೆ, ದೇವರ ಹೆಸರಿದ್ದೀತೆಂದು ಎತ್ತಿ ಮುತ್ತಿಟ್ಟು ಗೋಡೆಯ ಬಿರುಕಿಗೆ ಸೇರಿಸುತ್ತಿದ್ದರು. ಅವರ ಮಗ ದೇವರ ಹೆಸರನ್ನೇ ಉರಿಸಿ, ಅದೇ ಕಾವಿನಲ್ಲಿ ರೊಟ್ಟಿ ಸುಡಿಸಿ, ಬೀದಿಗೆಲ್ಲ ಹಂಚಿದ. ಅದು ನನ್ನ ಗಂಟಲಿಗೆ ಇಳಿಯುವುದಿಲ್ಲ. ನಿನಗೆ ಇಳಿಯಿತೇ? ಧರ್ಮ ಉಳಿಸಲು ಹೊರಟ ಶೂರ ನೀನು!

ನನ್ನನ್ನು ಹದಿನೈದಕ್ಕೆ ಮದುವೆ ಮಾಡಿ ಗಾಡಿ ಹತ್ತಿಸಿದ ದಿನ ಕಾಲುವೆಯ ಏರಿಯವರೆಗೂ ಹಿಂದೆ ಓಡಿಬಂದವನೂ ನೀನೇ. “ಅಕ್ಕನ್ನ ಇಳಿಸ್ರೋ!” ಎಂದು ಮಣ್ಣಲ್ಲಿ ಹೊರಳಾಡಿದ್ದೆ. ಆ ಪುಟ್ಟ ಹುಡುಗನಿಗೆ ಈ ಅಧ್ಯಕ್ಷನಿಗಿಂತ ಬುದ್ಧಿಯಿತ್ತು.

ಇಮಾಮರಿಗೆ ನಾನಿನ್ನೂ ಏನೂ ಹೇಳಿಲ್ಲ. ನಾಳೆ ಸಂಜೆಯೊಳಗೆ ಮುಖೈಮರನ ಮನೆಗೆ ಹೋಗಿ ಮದುವೆ ಇಲ್ಲವೆಂದು ಹೇಳಿ ಬಾ. ಟೀಚರ ಮೇಲಿನ ಅರ್ಜಿಯನ್ನೂ ವಾಪಸು ತಗೋ. ತಗೊಂಡು ಹರಿಯಬೇಡ, ಒಲೆಗೂ ಹಾಕಬೇಡ. ಅದರ ನೆತ್ತಿಯ ಮೇಲೂ ಬಿಸ್ಮಿಲ್ಲಾ ಬರೆದಿದ್ದೀ. ಆಗದಿದ್ದರೆ ಶುಕ್ರವಾರದ ನಮಾಜಿಗೆ ಬರುವ ಊರೆಲ್ಲ, ನೀನು ಸುಟ್ಟದ್ದೇನೆಂದು ತಿಳಿದುಕೊಳ್ಳುತ್ತದೆ.

ದೇವರು ನಿನಗೆ ನಾಚಿಕೆಯನ್ನಾದರೂ ಕೊಡಲಿ.

ನಿನ್ನ ಅಕ್ಕ,
ಬದ್ರಿಯಾ

ಇಷ್ಟು ಹೊತ್ತು ಬರೆಯದೆ ಉಳಿಸಿಕೊಂಡಿದ್ದ ಮಾತು: ಮದುಮಗಳು ಎರಡು ದಿನ ಸೋದರತ್ತೆಯ ಮನೆಯಲ್ಲಿದ್ದು ಬರಲಿ ಎಂದು ಸುಂದುಸ್‌ಳ ತಲೆಯ ಮೇಲೆ ಆ ರೊಟ್ಟಿಯ ಬುಟ್ಟಿ ಹೊರಿಸಿ ನೀನೇ ಕಳಿಸಿದ್ದೆ. ರೊಟ್ಟಿ ವಾಪಸು ಕಳಿಸಿದ್ದೇನೆ. ಹುಡುಗಿಯನ್ನು ಕಳಿಸುವುದಿಲ್ಲ.